ಗೊತ್ತಿಲ್ಲದ್ದರ ಪೆಟ್ಟಿಗೆ

ಸೆಪ್ಟೆಂಬರ್ 11, 2003, ಗುರುವಾರ

ಹೇಳಿದ್ದು: ಏರ್‌ಪೋರ್ಟಿನ ಕೆಲಸಗಾರರು ತಮ್ಮ ಕಥೆ ಹೇಳಿರುವ ನನ್ನ ಮೂವತ್ತೊಂದು ಕ್ಯಾಸೆಟ್ಟುಗಳಿಗೆ ಸಂಘದ ಕಬ್ಬಿಣದ ಬೀರುವಿನಲ್ಲಿ ಒಂದು ಹಲಗೆ. ಪ್ರತಿ ಕ್ಯಾಸೆಟ್ಟಿಗೂ ರಿಜಿಸ್ಟರಿನಲ್ಲಿ ಒಂದು ನಂಬರು. ವರ್ಷದ ಪ್ರದರ್ಶನದಲ್ಲಿ ಒಂದು ಮೇಜು. ಮಾರ್ಚಿನಲ್ಲಿ ಹೇಳಿದರು. ಜೂನಿನಲ್ಲಿ ಮತ್ತೆ ಹೇಳಿದರು. ಎರಡೂ ಸಲ ಚಹಾ ಕೊಟ್ಟು ಹೇಳಿದರು.

ಕೊಟ್ಟದ್ದು: ಹಲಗೆ ಇಲ್ಲ. ನಂಬರು ಇಲ್ಲ. ಮೇಜು ಇಲ್ಲ. ಚಹಾ ನಿನ್ನೆಯೂ ಇತ್ತು.

ಕ್ರೇನ್ ಹೊಳೆ ಸ್ಥಳೀಯ ಇತಿಹಾಸ ಸಂಘ ಅಂತ ದೊಡ್ಡ ಹೆಸರು. ಲಂಡನ್ನಿನ ಅಂಚಿನ ಈ ಫೆಲ್ಥಮ್‌ನಲ್ಲಿ ಚರ್ಚಿನ ಹಾಲ್, ನಲವತ್ತು ಕುರ್ಚಿ, ಬರುವವರು ಹದಿನೈದು ಜನ. ಕುರ್ಚಿ ಹಾಕಲಿಕ್ಕೆ ಒಂದು ಸರದಿ ಪಟ್ಟಿ, ಚಹಾಕ್ಕೆ ಇನ್ನೊಂದು ಸರದಿ ಪಟ್ಟಿ. ಇವರು ಕಾಪಾಡುತ್ತಿರುವ ಇತಿಹಾಸ ಏನು? ಯಾವನೋ ಜಮೀನ್ದಾರನ ಬೆಳ್ಳಿ ಚಮಚ, ಮೂರು ಚರ್ಚುಗಳ ಚಿತ್ರ, ಕುದುರೆಗೆ ನೀರು ಕುಡಿಸುತ್ತಿದ್ದ ಕಲ್ಲುಬಾನಿ. ಈ ಊರಿನಲ್ಲಿ ವಿಮಾನದ ತಟ್ಟೆ ತೊಳೆದವರು, ಸೂಟ್‌ಕೇಸು ಹೊತ್ತವರು, ಕಕ್ಕಸು ಉಜ್ಜಿದವರು ಇತಿಹಾಸದ ಬಾಗಿಲಲ್ಲಿ ಚಪ್ಪಲಿ ಕಾಯುತ್ತ ನಿಲ್ಲಬೇಕು.

ಅಧ್ಯಕ್ಷ ಹಾರ್ವುಡ್ ತಣ್ಣಗೆ ಹೇಳಿದ: "ಇವು ಇನ್ನೂ ಇತಿಹಾಸ ಆಗಿಲ್ಲ, ಮಿಸ್ಟರ್ ಪರಪ್ಪ. ತೀರಾ ಇತ್ತೀಚಿನವು. ಸ್ವಲ್ಪ ಕಾಯಬೇಕು."

"ಎಷ್ಟು ಕಾಯಬೇಕು? ಮಾತಾಡಿದವರು ಸಾಯುವವರೆಗೋ? ಒಬ್ಬ ಆಗಲೇ ಸತ್ತಿದ್ದಾನೆ" ಅಂದೆ. ಒಬ್ಬರು ಬಿಸ್ಕತ್ತು ಮುರಿದರು, ಆ ಸದ್ದು ಕೇಳಿಸಿತು.

ಆಮೇಲೆ ಇವರ ಸೆಪ್ಟೆಂಬರ್ ಆಟ. 'ಗೊತ್ತಿಲ್ಲದ್ದರ ಪೆಟ್ಟಿಗೆ' ಅಂತ ಒಂದಿದೆ. ಏತಕ್ಕೆ ಬಳಸುತ್ತಿದ್ದರೋ ತಿಳಿಯದ ಹಳೆಯ ಸಾಮಾನು ಅದರಲ್ಲಿ. ಸದಸ್ಯರು ಚೀಟಿ ಎತ್ತುವುದು, ಬಂದ ವಸ್ತುವನ್ನು ಮನೆಗೆ ಒಯ್ಯುವುದು, ತಿಂಗಳಾದ ಮೇಲೆ ಏನು ಕಂಡುಹಿಡಿದೆ ಅಂತ ಎದ್ದು ನಿಂತು ಹೇಳುವುದು. ಬೀರುವಿನ ಕೀಲಿ ಇಟ್ಟುಕೊಂಡಿರುವ ಮಿಸ್ ಟಾಪ್ಲಿಸ್ ಅನ್ನುವ ಎಪ್ಪತ್ತೆಂಟರ ಮುದುಕಿ ಚೀಟಿಯ ಡಬ್ಬಿಯನ್ನು ನನ್ನ ಮುಂದೆಯೂ ಹಿಡಿದಳು. ನಲವತ್ತಾರು ಬಂತು. ಪ್ಲಾಸ್ಟಿಕ್ ಚೀಲದಲ್ಲಿ ಸೆಗಣಿಯ ಕುಳ್ಳಿನ ಹಾಗೆ ಚಪ್ಪಟೆಯಾದ, ಬಿಚ್ಚಿ ಜೋತುಬಿದ್ದ ಕರೀ ಚಿಂದಿ. ಜೊತೆಗೆ ಒಂದು ಚೀಟಿ: "ಕುದುರೆಯ ಕೊರಳಪಟ್ಟಿಯ ಅಡಿಮೆತ್ತೆ? ಐಸಲ್‌ವರ್ತ್, ಹಳೆ ತೋಟದ ಕೊಟ್ಟಿಗೆಯಲ್ಲಿ ಸಿಕ್ಕಿದ್ದು, 1951."

ಹಲಗೆ ಕೇಳಿದವನಿಗೆ ಚಿಂದಿ ಕೊಟ್ಟರು. ತಂದು ಅಡಿಗೆಮನೆಯ ಬಾಗಿಲ ಹಿಂದೆ ಎಸೆದೆ.

ಸೆಪ್ಟೆಂಬರ್ 14, ಭಾನುವಾರ

ಮಧ್ಯಾಹ್ನ ಡೊಮಿನಿಕ್ ಬಂದ. ಉಡುಪಿ ಕಡೆಯವನು, ಇಪ್ಪತ್ತಾರು ವರ್ಷದಿಂದ ಏರ್‌ಪೋರ್ಟಿನಲ್ಲಿ ಲಗೇಜು ಎತ್ತುತ್ತಿದ್ದಾನೆ. ಜೂನಿನಲ್ಲಿ ತೀರಿಕೊಂಡ ಕ್ರಿಸ್ಟೋಫರ್ ಅವನ ಅಣ್ಣ. ನನ್ನ ಒಂಬತ್ತನೇ ಕ್ಯಾಸೆಟ್ಟು ಕ್ರಿಸ್ಟೋಫರನದು.

"ಎಂತ ಮಾರಾಯ್ರೆ, ಮೊನ್ನೆಯೂ ಬೈದು ಬಂದಿರಂತೆ?"

"ಬೈಯಲಿಲ್ಲ. ಸತ್ಯ ಹೇಳಿದೆ."

"ನಿಮ್ಮ ಬಾಯಲ್ಲಿ ಎರಡೂ ಒಂದೇ ಅಲ್ವಾ?" ಅಂತ ನಕ್ಕ. ಆಮೇಲೆ ನಗಲಿಲ್ಲ. "ಅತ್ತಿಗೆ ಬೆಲ್ಲಾ ಕೇಳ್ತಾ ಇದ್ದರು. ಮನೆಯಲ್ಲಿ ಫೋಟೋ ಬೇಕಾದಷ್ಟು ಉಂಟು. ಅಣ್ಣನ ಧ್ವನಿ ಅದೊಂದೇ ಟೇಪಿನಲ್ಲಿ ಇರುವುದು. ಅದಕ್ಕೆ ಏನೂ ಆಗಬಾರದು, ಆಯ್ತಾ?"

ಕ್ಯಾಸೆಟ್ಟಿನ ರಟ್ಟಿನ ಡಬ್ಬ ತೆಗೆದು ತೋರಿಸಿದೆ. ತೋರಿಸಬಾರದಿತ್ತು. ನಮ್ಮ ಫ್ಲ್ಯಾಟಿನ ಉತ್ತರದ ಗೋಡೆ ವರ್ಷಪೂರ್ತಿ ಬೆವರುತ್ತದೆ. ನಾಲ್ಕು ಡಬ್ಬಿಗಳ ಒಳಗೆ ಕರಿಬೂಷ್ಟು ಬಂದಿತ್ತು. ಡೊಮಿನಿಕ್ ತನ್ನ ಅಂಗಿಯ ತುದಿಯಿಂದ ಒರೆಸಿದ. ಒಂಬತ್ತನೆಯದನ್ನು ಎರಡು ಸಲ ಒರೆಸಿದ.

ಕ್ಯಾಸೆಟ್ಟನ್ನು ಬೇರೆ ಕಡೆ ಇಡೋಣವೆಂದರೆ ಒಣಗಿದ ಜಾಗ ಅಡಿಗೆಮನೆಯ ಕಿಟಕಿ ಒಂದೇ. ಅಲ್ಲಿ ನನ್ನ ಹೆಂಡತಿ ನೀಲವ್ವನ ಸಂಸಾರ. ತಲೆ ಬಾಚಿದಾಗ ಉದುರಿದ ಕೂದಲನ್ನು ಸುತ್ತಿ ಸುತ್ತಿ ಒಂದು ಚೀಲದಲ್ಲಿ ತುಂಬಿ ಅಲ್ಲಿ ಕಟ್ಟಿದ್ದಾಳೆ. ಗದಗಿನಲ್ಲಿ ಕೂದಲು ತಗೊಂಡು ಪಾತ್ರೆ ಕೊಡುವವಳು ಓಣಿಗೆ ಬರುತ್ತಿದ್ದಳು. ಫೆಲ್ಥಮ್‌ಗೆ ಅವಳು ಬರುವುದಿಲ್ಲ ಅಂತ ಎಷ್ಟು ಸಲ ಹೇಳಿದ್ದೇನೆ. "ಹೆಣ್ಣಮಕ್ಕಳ ಕೂದಲ ಹಾದ್ಯಾಗ ಒಗೀಬಾರದ್ರಿ" ಅನ್ನುತ್ತಾಳೆ. ಮೌಢ್ಯಕ್ಕೆ ವೀಸಾ ಬೇಕಾಗಿಲ್ಲ.

ಸೆಪ್ಟೆಂಬರ್ 20, ಶನಿವಾರ

ನನ್ನ ಕ್ಯಾಸೆಟ್ಟಿಗೆ ಮಾತಾಡಿದ ಮಂಗಳೂರಿನ ಕಲ್ಯಾಣಿಬಾಯಿಯವರ ಜೊತೆ ಗ್ರಂಥಾಲಯಕ್ಕೆ ಹೋಗಬೇಕಾಯಿತು. 1974ರಲ್ಲಿ ತಾನು ಇಲ್ಲಿದ್ದೆ ಅನ್ನುವುದಕ್ಕೆ ಪುರಾವೆ ತರಬೇಕು, ಇಲ್ಲದಿದ್ದರೆ ಆ ವರ್ಷಗಳು ಪಿಂಚಣಿಗೆ ಸೇರುವುದಿಲ್ಲ ಅಂತ ಅವರಿಗೆ ಪತ್ರ ಬಂದಿದೆ. ಅವರಿದ್ದ ಮನೆಯನ್ನು ಕೆಡವಿ ಕಾರು ನಿಲ್ಲಿಸುವ ಜಾಗ ಮಾಡಿದ್ದಾರೆ. ಮನೆಯೇ ಇಲ್ಲದ ಮೇಲೆ ಪುರಾವೆ ಎಲ್ಲಿಂದ ಬರಬೇಕು!

ಶನಿವಾರ ಬೆಳಿಗ್ಗೆ ಸಂಘದವರು ಗ್ರಂಥಾಲಯದ ಮೂಲೆಯಲ್ಲಿ ಒಂದು ಮೇಜು ಹಾಕುತ್ತಾರೆ. ಮಿಸ್ ಟಾಪ್ಲಿಸ್ ಕೂತಿದ್ದಳು. ಬೀದಿಯ ಹೆಸರು ಕೇಳಿದಳು. ಒಂದು ದಪ್ಪ ಪುಸ್ತಕ, ಇನ್ನೊಂದು ದಪ್ಪ ಪುಸ್ತಕ. ಇಪ್ಪತ್ತು ನಿಮಿಷದಲ್ಲಿ ಆ ವರ್ಷದ ಮತದಾರರ ಪಟ್ಟಿಯಲ್ಲಿ ಕಲ್ಯಾಣಿಬಾಯಿಯವರ ಹೆಸರು ಸಿಕ್ಕಿತು. ಕಾಗುಣಿತ ಕೆಟ್ಟಿತ್ತು, ಆದರೆ ಹೆಸರು ಅವರದೇ. ಆ ಮನೆಯದೊಂದು ಫೋಟೋ ಕೂಡ ಸಿಕ್ಕಿತು.

"ಇದೇ ಕಿಟಕಿ ನೋಡಿ, ಇಲ್ಲಿ ನಾವು ಮೂರು ಜನ ಇದ್ದದ್ದು" ಅಂತ ಕಲ್ಯಾಣಿಬಾಯಿ ಫೋಟೋದ ಮೇಲೆ ಬೆರಳಿಟ್ಟರು. ಮುದುಕಿ ಮೆಲ್ಲಗೆ ಅವರ ಬೆರಳನ್ನು ಫೋಟೋದಿಂದ ಎತ್ತಿ ಮೇಜಿನ ಮೇಲಿಟ್ಟಳು. ಆಮೇಲೆ ಆ ಮೂವರ ಹೆಸರು ಕೇಳಿ ಪೆನ್ಸಿಲಿನಲ್ಲಿ ಫೋಟೋದ ಹಿಂದೆ ಬರೆದುಕೊಂಡಳು.

ನಾನು ಕೇಳಿದೆ: "1974 ಇತ್ತೀಚಿನದು ಅಲ್ಲವೇ?"

"ಹೌದು. ಆದರೆ ಇದು ಕಾಗದ" ಅಂದಳು.

ಇವರ ಧರ್ಮವೇ ಕಾಗದ. ಕೆಲಸ ಗೊತ್ತಿದೆ ಮುದುಕಿಗೆ, ಅಷ್ಟನ್ನು ಒಪ್ಪಬೇಕು.

ಸೆಪ್ಟೆಂಬರ್ 24, ಬುಧವಾರ

ಬೆಳಗಿನ ನಾಲ್ಕರ ಶಿಫ್ಟು. ವಿಮಾನದ ಊಟದ ಒಂಬತ್ತು ಸಾವಿರ ತಟ್ಟೆ ತೊಳೆದೆವು. ಬರೆಯುವುದಕ್ಕೆ ಏನೂ ಇಲ್ಲ.

ಸೆಪ್ಟೆಂಬರ್ 27, ಶನಿವಾರ

ಮುಳುಗಿತು. ಎಲ್ಲ ಮುಳುಗಿತು.

ಶಿಫ್ಟು ಮುಗಿಸಿ ಬಂದೆ. ರೇಡಿಯೇಟರಿನ ಮೇಲೆ ಬಟ್ಟೆಯ ಒಂದು ದುಂಡನೆಯ ಬಳೆ ಒಣಗುತ್ತಿತ್ತು. ಬಿಗಿಯಾಗಿ ಸುತ್ತಿದ್ದು, ಸುತ್ತ ಹಳೇ ಸೀರೆಯ ಕೆಂಪು ಅಂಚು.

"ಏನಿದು?"

"ಸಿಂಬಿ. ಬಾಗಲ ಹಿಂದ ಹೊಲಸ ಆಗಿ ಬಿದ್ದಿತ್ತು. ತೊಳದು, ಬಿಚ್ಚಿಹೋಗಿದ್ದನ್ನ ಸುತ್ತಿ ಇಟ್ಟೇನಿ. ಎಲ್ಲಿಂದ ತಂದ್ರಿ?"

ಬಾಗಿಲ ಹಿಂದೆ ಚೀಲ ಇರಲಿಲ್ಲ. ನಲವತ್ತಾರನೇ ನಂಬರು! ಬಿಸಿನೀರು, ಸೋಪಿನ ಪುಡಿ, ಎರಡು ಸಲ ಜಾಲಿಸಿದ್ದಾಳೆ. ಒಳಗಿದ್ದ ಹುಲ್ಲು ಪುಡಿಪುಡಿಯಾಗಿತ್ತಂತೆ, ಕಸಕ್ಕೆ ಹಾಕಿದ್ದಾಳೆ. ಕಸದ ಗಾಡಿ ನಿನ್ನೆಯೇ ಬಂದು ಹೋಗಿದೆ.

ಒದರಿದೆ. ಕುದುರೆಯದು ಅದು, ನೂರೈವತ್ತು ವರ್ಷದ್ದು, ಸಂಘದ್ದು, ಇನ್ನು ಕ್ಯಾಸೆಟ್ಟು ಅವರ ಬೀರುವಿನ ಹತ್ತಿರವೂ ಹೋಗುವುದಿಲ್ಲ ಅಂತ ಒದರಿದೆ.

ಅವಳು ಪೂರ್ತಿ ಕೇಳಿಸಿಕೊಂಡಳು. "ಕುದುರಿಗೆ ಯಾಂವ ಸಿಂಬಿ ಇಡ್ತಾನ್ರಿ?" ಅಂದಳು. "ಕೊಡಾ ಹೊರೂ ಮುಂದ, ಬುಟ್ಟಿ ಹೊರೂ ಮುಂದ ತಲೀ ಮ್ಯಾಲೆ ಇಟ್ಕೊಳ್ಳೂದು. ನಿಮ್ಮವ್ವ ಏನು ಬರೇ ತಲೀಲೆ ಹೊತ್ತಿದ್ಲೇನು? ಹಮಾಲರ ಸಂಘದ ಕಾರ್ಯದರ್ಶಿ ಅಂತ!"

ಗದಗಿನಲ್ಲಿ ಹಮಾಲರ ಸಂಘ ಕಟ್ಟಿದವನು ನಾನು. ಹನ್ನೊಂದು ವರ್ಷ ಕಾರ್ಯದರ್ಶಿ. ಹೊರೆ ಹೊರುವವರ ಬಗ್ಗೆ ನಾನು ಮಾಡಿದ ಭಾಷಣಗಳನ್ನು ಜೋಡಿಸಿಟ್ಟರೆ ಗದಗಿನಿಂದ ಹುಬ್ಬಳ್ಳಿ ಮುಟ್ಟುತ್ತದೆ. ಆದರೆ ಚೀಟಿ ಓದಿದೆ, ವಸ್ತು ನೋಡಲಿಲ್ಲ. ಅದೇನು ಅಂತಹ ದೊಡ್ಡ ಅಪರಾಧವಲ್ಲ, ಬಿಚ್ಚಿ ಚಪ್ಪಟೆಯಾಗಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಸೆಪ್ಟೆಂಬರ್ 28, ಭಾನುವಾರ

ಹಾರ್ವುಡ್‌ಗೆ ಪತ್ರ ಬರೆದೆ. ಮೂರು ಸಲ ತಿದ್ದಿದೆ. "ಓದು ಬರಹ ಇಲ್ಲದ ನನ್ನ ಪತ್ನಿ ಅಜ್ಞಾನದಿಂದ ಮಾಡಿದ ತಪ್ಪು ಇದು. ಇದಕ್ಕೂ ಕ್ಯಾಸೆಟ್ಟುಗಳ ಪ್ರಶ್ನೆಗೂ ಸಂಬಂಧ ಕಲ್ಪಿಸಬಾರದು ಎಂದು ಕೋರುತ್ತೇನೆ." ಚೆನ್ನಾಗಿ ಬಂದಿದೆ. ಎಲ್ಲಿಯೂ ತಲೆ ಬಾಗಿಸಿಲ್ಲ.

ಅಂಚೆಡಬ್ಬಿಗೆ ಹಾಕಿ ಬಂದೆ. ಬರುವಾಗ ಮೆಣಸಿನಕಾಯಿ ತಂದೆ.

ಅಕ್ಟೋಬರ್ 1, ಬುಧವಾರ

ಪತ್ರದಲ್ಲಿ ಏನು ಬರೆದಿರಿ ಅಂತ ಕೇಳಿದಳು. ಇದ್ದದ್ದನ್ನು ಹೇಳಿದೆ. ನಾನು ಮುಚ್ಚಿಡುವ ಮನುಷ್ಯ ಅಲ್ಲ.

"ಅಜ್ಞಾನ ಅಂದ್ರ?"

"ತಿಳೀದೇ ಇರೋದು."

"ಮತ್ತ ಅದನ್ನ ಕುದುರೀದು ಅಂತ ಬರದಾಂವಂದು ಏನು?"

ಉತ್ತರ ಇತ್ತು, ಆದರೆ ಉದ್ದ. ಅವಳು ಒಲೆಯ ಕಡೆ ತಿರುಗಿದಳು. ಆಗಿನಿಂದ ಮನೆಯಲ್ಲಿ ತಟ್ಟೆ ಲೋಟದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮೊಣಕಾಲು ನೋವಿರಬೇಕು. ಜಿಪಿ ಡಾಕ್ಟರಿಗೆ ತೋರಿಸು ಅಂದೆ.

ಅಕ್ಟೋಬರ್ 4, ಶನಿವಾರ

ಹಾರ್ವುಡ್‌ನ ಉತ್ತರ ಬಂತು. ಎಂಟನೇ ತಾರೀಖಿನ ಸಭೆಗೆ ವಸ್ತುವನ್ನು ಹಿಂದಿರುಗಿಸಬೇಕು. ಹಾನಿಯ ಬಗ್ಗೆ ಸಮಿತಿ ಚರ್ಚಿಸುತ್ತದೆ. ಅದೇ ದಿನ ಕ್ಯಾಸೆಟ್ಟುಗಳ ವಿಷಯ ಮತಕ್ಕೆ ಹಾಕಲಾಗುತ್ತದೆ, "ಒಪ್ಪಿಸಿದ ವಸ್ತುವನ್ನು ಅರ್ಜಿದಾರರು ನೋಡಿಕೊಂಡ ರೀತಿಯನ್ನು ಗಮನದಲ್ಲಿಟ್ಟುಕೊಂಡು."

ಎಷ್ಟು ಮೆತ್ತಗಿನ ಚಾಕು ನೋಡಿ. ಡೊಮಿನಿಕ್‌ಗೆ ಫೋನು ಮಾಡಿ ಹೇಳಿದೆ. "ಅತ್ತಿಗೆಗೆ ನಾನು ಏನು ಹೇಳುವುದು?" ಅಂದ.

ಭಾಷಣ ಬರೆಯಲು ಶುರು ಮಾಡಿದ್ದೇನೆ. ಹತ್ತು ಪುಟ ಆಗಿದೆ. ಇವರ ಚಕ್ರಾಧಿಪತ್ಯವನ್ನು ಕಟ್ಟಿದ ಕೈಗಳಿಂದ ಆರಂಭ.

ಅಕ್ಟೋಬರ್ 9, ಗುರುವಾರ

ನಿನ್ನೆಯದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ನಾನು ಹೊರಟಾಗ ನೀಲವ್ವ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ನಾನೂ ಬರ್ತೇನಿ."

"ಅಲ್ಲಿ ನಿನಗೇನು ತಿಳೀತದ? ಎಲ್ಲಾ ನಾನ ಇಂಗ್ಲಿಷಿಗೆ ಮಾಡಿ ಹೇಳಬೇಕಾಗ್ತದ."

"ಮಾಡಬ್ಯಾಡ್ರಿ" ಅಂದಳು.

ಡೊಮಿನಿಕ್ ಮತ್ತು ಬೆಲ್ಲಾ ಮೊದಲೇ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಹಾರ್ವುಡ್ ನನ್ನ ಪತ್ರವನ್ನು ಗಟ್ಟಿಯಾಗಿ ಓದಿದ. ಪತ್ನಿ, ಓದು ಬರಹ, ಅಜ್ಞಾನ. ಮನೆಯಲ್ಲಿ ಬರೆದಾಗ ಇಲ್ಲದ ಒಂದು ದನಿ ಅದಕ್ಕೆ ಆ ಹಾಲ್‌ನಲ್ಲಿ ಬಂದಿತ್ತು. ಹಾರ್ವುಡ್ ಓದಿದ ರೀತಿಯೇ ಸರಿಯಿರಲಿಲ್ಲ. ತೊಳೆದ ಸಿಂಬಿ ಮೇಜಿನ ಮೇಲಿತ್ತು, ಕೆಂಪು ಅಂಚಿನ ಸಮೇತ. ಒಬ್ಬ ಹೆಂಗಸು ಅದನ್ನು ನೋಡಿ ಬಾಯಿಗೆ ಕೈ ಇಟ್ಟುಕೊಂಡಳು.

ನಾನು ಹತ್ತು ಪುಟ ತೆಗೆದು ಎದ್ದೆ. ಅಷ್ಟರಲ್ಲಿ ಪಕ್ಕದಲ್ಲಿ ನೀಲವ್ವ ಎದ್ದಿದ್ದಳು.

"ಎಕ್ಸ್‌ಕ್ಯೂಸ್ ಮಿ. ನಾಟ್ ಹಾರ್ಸ್. ಲೇಡಿ."

ಅವಳ ಬಾಯಲ್ಲಿ ಇಂಗ್ಲಿಷು ಇದೆ ಅನ್ನುವುದು ನನಗೆ ಗೊತ್ತು. ಅಂಗಡಿಯಲ್ಲಿ, ಬಸ್ಸಿನಲ್ಲಿ ಕೇಳಿದ್ದೇನೆ. ಆದರೆ ಹದಿನೈದು ಜನರ ಮುಂದೆ ಅದು ನಿಲ್ಲುತ್ತದೆ ಅಂತ ಗೊತ್ತಿರಲಿಲ್ಲ. ನನ್ನದು ಪುಸ್ತಕದ ಇಂಗ್ಲಿಷು, ಒಂದು ವಾಕ್ಯಕ್ಕೆ ಮೂರು ಸಲ ತಡವರಿಸುತ್ತೇನೆ. ಅವಳದು ಹದಿನೇಳು ವರ್ಷ ಊರವರ ಮನೆಗಳಲ್ಲಿ ದುಡಿದ ಇಂಗ್ಲಿಷು. ಕ್ರಿಯಾಪದ ಇರುವುದಿಲ್ಲ, ಗುರಿ ತಪ್ಪುವುದಿಲ್ಲ.

ಚಹಾದ ಕೋಣೆಗೆ ಹೋಗಿ ಪಾತ್ರೆ ಒರೆಸುವ ಬಟ್ಟೆ ತಂದಳು. ತಿರುಚಿ, ಕೈಗೆ ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿದಳು. ನೋಡನೋಡುತ್ತ ಸಿಂಬಿ ಆಯಿತು. ತಲೆಗೆ ಇಟ್ಟುಕೊಂಡಳು. ಮೇಜಿನ ಮೇಲೆ ಸಂಘದ ನಡಾವಳಿ ಪುಸ್ತಕಗಳ ಮರದ ಪೆಟ್ಟಿಗೆ ಇತ್ತು. ಎಂಟು ದಪ್ಪ ಪುಸ್ತಕ, ಐವತ್ತು ವರ್ಷದ ನಡಾವಳಿ. ಅದನ್ನು ಎತ್ತಿ ತಲೆಯ ಮೇಲಿಟ್ಟುಕೊಂಡು ನಡೆದಳು. ಹಾರ್ವುಡ್ ಎರಡೂ ಕೈ ಚಾಚಿಕೊಂಡು ಹಿಂದೆ ಓಡಿದ. ಅವಳು ಬಾಗಿಲ ತನಕ ಹೋಗಿ, ತಿರುಗಿ, ಕೈಬಿಟ್ಟುಕೊಂಡೇ ಕುರ್ಚಿಗಳ ನಡುವೆ ಬಂದಳು. ಬರುವಾಗ ಸೆರಗು ಸರಿಮಾಡಿಕೊಂಡಳು. ಪೆಟ್ಟಿಗೆ ಅಲ್ಲಾಡಲಿಲ್ಲ.

"ಬಿಟ್ಟರೆ ಹೀಥ್ರೋ ತನಕ ಹೋಗಿ ಬರ್ತಾರೆ ಇವರು" ಅಂತ ಹಿಂದಿನಿಂದ ಡೊಮಿನಿಕ್ ಅಂದ.

ಪೆಟ್ಟಿಗೆ ಇಳಿಸಿದ ಮೇಲೆ ನೀಲವ್ವ ಕುಪ್ಪಸದಿಂದ ಒಂದು ಕಾಗದದ ಪೊಟ್ಟಣ ತೆಗೆದಳು. ಅದರೊಳಗೆ ಕೂದಲು. ಬೆರಳಿಗೆ ಸುತ್ತಿ ಉಂಡೆ ಮಾಡಿದ್ದು. ಹಳೇ ಸಿಂಬಿ ಬಿಚ್ಚಿದಾಗ ಸುರುಳಿಗಳ ನಡುವೆ ಸಿಕ್ಕಿಕೊಂಡಿತ್ತಂತೆ. ಹೆಣ್ಣುಮಕ್ಕಳ ಕೂದಲು, ಒಗೆಯಬಾರದು ಅಂತ ತೆಗೆದಿಟ್ಟಿದ್ದಾಳೆ. ತನ್ನ ಕೂದಲಿನ ಚೀಲಕ್ಕೆ ಸೇರಿಸದೆ ಬೇರೆಯೇ ಇಟ್ಟಿದ್ದಾಳೆ. "ಮೈ ಹೇರ್ ಬ್ಲ್ಯಾಕ್. ದಿಸ್ ಲೇಡಿ, ರೆಡ್." ಬಿಡಿಸಿ ತೋರಿಸಿದಳು. ಮೊಳ ಉದ್ದ, ಕೆಂಚು, ನಡುವೆ ಎರಡು ನೆರೆತದ್ದು. ಅಂತಹ ಕೂದಲು ಯಾವ ಕುದುರೆಯದೂ ಅಲ್ಲ.

ಮಿಸ್ ಟಾಪ್ಲಿಸ್ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಪೆನ್ಸಿಲು ತೆಗೆದಳು. ಬೈಗುಳ ಬರುತ್ತದೆ ಅಂದುಕೊಂಡೆ. ಪ್ರಶ್ನೆ ಬಂತು. ಎಷ್ಟು ಸುತ್ತು ಇತ್ತು? ಐದು. ಗಂಟು ಎಲ್ಲಿತ್ತು? ಹಿಂದೆ, ಎಡಕ್ಕೆ. ಯಾಕೆ ಎಡಕ್ಕೆ? ಬಲಗೈ ಮೇಲೆತ್ತಿ ಬುಟ್ಟಿ ಹಿಡಿಯುತ್ತಾರೆ, ಗಂಟು ಆ ಕಡೆ ಇದ್ದರೆ ಚುಚ್ಚುತ್ತದೆ. ನೀವೂ ಹಾಗೆಯೇ ಸುತ್ತುತ್ತೀರಾ? ಹಾಗೆಯೇ. ಒಳಗಿನ ಹುಲ್ಲು?

"ಥ್ರೋ. ಸಾರಿ" ಅಂದಳು ನೀಲವ್ವ. ಮುದುಕಿ ಕಣ್ಣು ಮುಚ್ಚಿ ತೆರೆದಳು. ಅದನ್ನೂ ಬರೆದುಕೊಂಡಳು.

ಆಮೇಲೆ ಎದ್ದು ಎಲ್ಲರಿಗೂ ಹೇಳಿದಳು. "ವೇಲ್ಸ್‌ನಿಂದ, ಷ್ರಾಪ್‌ಶೈರ್‌ನಿಂದ ಹೆಂಗಸರು ವಸಂತದಲ್ಲಿ ನಡೆದುಕೊಂಡು ಬರುತ್ತಿದ್ದರು. ಐಸಲ್‌ವರ್ತ್ ಕಡೆಯ ತೋಟಗಳಲ್ಲಿ ಹಣ್ಣು ಕೀಳುವುದು, ಸ್ಟ್ರಾಬೆರಿ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಲಂಡನ್ ಮಾರುಕಟ್ಟೆಗೆ ಓಡುವುದು, ಬೇಸಿಗೆ ಮುಗಿದ ಮೇಲೆ ನಡೆದುಕೊಂಡು ವಾಪಸು ಹೋಗುವುದು. ಅವರು ಬಂದಿದ್ದರು ಅಂತ ನಾವು ಓದಿದ್ದೇವೆ. ನಮ್ಮ ಬೀರುವಿನಲ್ಲಿ ಅವರದೊಂದು ಹೆಸರಿಲ್ಲ, ಒಂದು ವಸ್ತುವಿಲ್ಲ ಅಂದುಕೊಂಡಿದ್ದೆವು. ಐವತ್ತೆರಡು ವರ್ಷದಿಂದ ಇದು ಪೆಟ್ಟಿಗೆಯಲ್ಲಿತ್ತು. ಕುದುರೆ ಅಂತ ಬರೆದವಳು ನಾನು. ಆ ಚೀಟಿಯ ಅಕ್ಷರ ನನ್ನದು."

ಯಾರೂ ಬಿಸ್ಕತ್ತು ಮುರಿಯಲಿಲ್ಲ.

"ನೀವು ಕೊನೆಯ ಸಲ ಇದನ್ನು ಬಳಸಿದ್ದು ಯಾವಾಗ? ಭಾರತದಲ್ಲೇ?" ಅಂತ ಮುದುಕಿ ಕೇಳಿದಳು.

"ನೋ. ಕೆಂಟನ್."

1986ರಲ್ಲಿ ಇದೇ ಲಂಡನ್ನಿನ ಕೆಂಟನ್‌ನ ಒಬ್ಬ ಡಾಕ್ಟರ ಮನೆಗೆ ಕೆಲಸದವಳಾಗಿ ಬಂದವಳು ನೀಲವ್ವ. ಪಾಸ್‌ಪೋರ್ಟು ಅವರ ಕಪಾಟಿನಲ್ಲಿತ್ತು. ಮಗಳು ಮೈತ್ರೇಯಿಗೆ ಆಗ ಆರು ವರ್ಷ, ಗದಗಿನಲ್ಲಿ ನನ್ನ ತಾಯಿಯ ಹತ್ತಿರ ಇದ್ದಳು. ನಾನು ಹೋರಾಟದಲ್ಲಿದ್ದೆ. ಕಾನೂನು ಬದಲಾಗಿ ಅವಳಿಗೆ ಇಲ್ಲಿ ಇರಲಿಕ್ಕೆ ಕಾಗದ ಸಿಕ್ಕಿ, ನನ್ನನ್ನು ಕರೆಸಿಕೊಳ್ಳುವಾಗ ಹದಿನಾಲ್ಕು ವರ್ಷ ಆಗಿತ್ತು. ಇಷ್ಟು ನನಗೆ ಗೊತ್ತು. ನಿನ್ನೆ ಅವಳು ಹೇಳಿದ್ದು: ಬಂದ ಮರುವರ್ಷ ಡಾಕ್ಟರು ಹಿತ್ತಲಿಗೆ ಒಂದು ಕೋಣೆ ಕಟ್ಟಿಸಿದರು. ಒಡೆದ ಇಟ್ಟಿಗೆ, ಮಣ್ಣನ್ನೆಲ್ಲ ಮನೆಯೊಳಗಿನಿಂದಲೇ ಬೀದಿಗೆ ಸಾಗಿಸಬೇಕು. ಕೈಗಾಡಿ ತಂದರೆ ಹೊಸ ನೆಲಕ್ಕೆ ಗೀರು ಬೀಳುತ್ತದೆ. ನೀಲವ್ವ ಬಾತ್‌ರೂಮಿನ ಟವೆಲನ್ನು ಸಿಂಬಿ ಸುತ್ತಿ, ಬಟ್ಟೆ ಒಗೆಯುವ ಟಬ್ಬಿನಲ್ಲಿ ಆರು ದಿನ ಹೊತ್ತಳು. ಟವೆಲು ಹೊಲಸಾಯಿತು ಅಂತ ಡಾಕ್ಟರ ಹೆಂಡತಿ ಬೈದಳಂತೆ.

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಅಲ್ಲಿ ಯಾರಿಗೂ ತೋರಿಸಲಿಲ್ಲ.

"ಯಾವ ಬೀದಿ?" ಅಂದಳು ಮಿಸ್ ಟಾಪ್ಲಿಸ್. ಬರೆದುಕೊಂಡಳು. "ಯಾವ ತಿಂಗಳು?" ಅದನ್ನೂ ಬರೆದುಕೊಂಡಳು. ನಂತರ ಹಾರ್ವುಡ್ ಕಡೆ ತಿರುಗಿ, "ಇದು ಇತ್ತೀಚಿನದೋ ಹಳೆಯದೋ, ನೀವೇ ಹೇಳಿ ಜೆಫ್ರಿ" ಅಂದಳು.

ಮತಕ್ಕೆ ಹಾಕಿದರು. ಸಮಿತಿಯಲ್ಲಿ ಒಂಬತ್ತು ಜನ. ಪರ ಐದು, ವಿರೋಧ ಮೂರು, ಒಬ್ಬ ಯಾವ ಕಡೆಗೂ ಕೈ ಎತ್ತಲಿಲ್ಲ. ಕ್ಯಾಸೆಟ್ಟುಗಳಿಗೆ ಕೆಳಗಿನ ಹಲಗೆ. ಷರತ್ತುಗಳಿವೆ: ಪ್ರತಿಯೊಂದಕ್ಕೂ ಒಂದು ಪುಟದ ಇಂಗ್ಲಿಷ್ ಸಾರಾಂಶ, ಮಾತಾಡಿದವರ ಒಪ್ಪಿಗೆಯ ಸಹಿ. ಪ್ರದರ್ಶನದ ಮೇಜು ಈ ವರ್ಷ ಇಲ್ಲ. ಇನ್ನೊಂದು ವರ್ಷ ಪರಪ್ಪನ ಮನೆಗೆ ಸಂಘದ ಯಾವ ವಸ್ತುವನ್ನೂ ಕೊಡತಕ್ಕದ್ದಲ್ಲ. ಇದು ಹಾರ್ವುಡ್ ಸೇರಿಸಿದ್ದು, ಅವಿರೋಧವಾಗಿ ಪಾಸಾಯಿತು. ನಾನೂ ಕೈ ಎತ್ತಿದೆ ಅಂತ ಡೊಮಿನಿಕ್ ಹೇಳುತ್ತಾನೆ. ನೆನಪಿಲ್ಲ.

ಹತ್ತು ಪುಟ ಜೇಬಿನಲ್ಲೇ ಉಳಿಯಿತು. ಬಸ್ಸಿನಲ್ಲಿ ನೀಲವ್ವ ಕಿಟಕಿಯ ಪಕ್ಕ ಕೂತಳು. ಪತ್ರದ ವಿಷಯ ಎತ್ತಿದೆ. "ಅಜ್ಞಾನ ಅನ್ನೋ ಮಾತು ಬರೀಬಾರದಿತ್ತು" ಅಂದೆ.

"ಹೂಂ" ಅಂದಳು. ಮಂಜು ಹಿಡಿದ ಗಾಜನ್ನು ಕೈಯಿಂದ ಒರೆಸಿ, "ಆ ಮುದುಕಿ ಚಲೋ ಕೇಳ್ತಾಳ್ರಿ" ಅಂದಳು.

ಅಕ್ಟೋಬರ್ 18, ಶನಿವಾರ

ಕ್ಯಾಸೆಟ್ಟು ಒಪ್ಪಿಸಿದೆ. ಮಿಸ್ ಟಾಪ್ಲಿಸ್ ಒಂದೊಂದನ್ನೂ ಮೆತ್ತನೆಯ ಬ್ರಷ್ಷಿನಿಂದ ಒರೆಸಿ ನಂಬರು ಹಚ್ಚಿದರು. ಬೂಷ್ಟು ಡಬ್ಬಿಗಷ್ಟೇ ಬಂದಿದೆ, ಒಳಗಿನ ಟೇಪು ಚೆನ್ನಾಗಿದೆ ಅಂದರು. ಒಂಬತ್ತನೆಯದನ್ನು ಬೀರುವಿಗೆ ಇಡುವ ಮೊದಲು ಬೆಲ್ಲಾ ಒಂದು ಸಲ ಕೇಳಬಹುದೇ ಅಂತ ಕೇಳಿದೆ. ಚಹಾದ ಕೋಣೆಯಲ್ಲಿ ಟೇಪ್ ರೆಕಾರ್ಡರು ಹಾಕಿ ಬಾಗಿಲು ಎಳೆದುಕೊಂಡೆವು. ಒಳಗಿನಿಂದ ಕ್ರಿಸ್ಟೋಫರ್ ನಗುವುದು ಕೇಳಿಸಿತು. ಡೊಮಿನಿಕ್ ಹೊರಗೆ ನಿಂತು ಶೂ ಲೇಸು ಕಟ್ಟಿದ. ಬಿಚ್ಚಿ ಮತ್ತೆ ಕಟ್ಟಿದ.

ಸಿಂಬಿಗೆ ಹೊಸ ಚೀಟಿ ಬಂದಿದೆ. "ತಲೆಹೊರೆಯ ಸಿಂಬಿ, ಬಹುಶಃ ತೋಟದ ಕೆಲಸದ ಹೆಂಗಸಿನದು. ಒಳಗೆ ಕೆಂಚು ಕೂದಲು. 2003ರಲ್ಲಿ ನೀಲವ್ವ ಪರಪ್ಪ ತೊಳೆದು ಮತ್ತೆ ಸುತ್ತಿದ್ದು." ಬಹುಶಃ ಅನ್ನುವುದನ್ನು ಹಾರ್ವುಡ್ ಬಿಟ್ಟುಕೊಡಲಿಲ್ಲವಂತೆ. ಕಾಗದ ಸಿಗುವವರೆಗೆ ಅದು ಇರುವುದೇ ಸರಿ.

ಮಿಸ್ ಟಾಪ್ಲಿಸ್ ಪಟ್ಟಿಯ ಮೇಲೆ ಬೆರಳಾಡಿಸಿ ಕೇಳಿದರು: "ಇದರಲ್ಲಿ ನಿಮ್ಮ ಹೆಂಡತಿಯವರದು ಯಾವುದು?"

ಇದು ಏರ್‌ಪೋರ್ಟಿನ ಕೆಲಸಗಾರರದು, ಅವಳು ಏರ್‌ಪೋರ್ಟಿನಲ್ಲಿ ಕೆಲಸ ಮಾಡಿಲ್ಲ ಅಂದೆ. ಅದು ನಿಜ.

ಬರುವಾಗ ಅಂಗಡಿಯಲ್ಲಿ ಒಂದು ಖಾಲಿ ಕ್ಯಾಸೆಟ್ಟು ತಗೊಂಡೆ. ತೊಂಬತ್ತು ನಿಮಿಷದ್ದು.

ಅಕ್ಟೋಬರ್ 26, ಭಾನುವಾರ

ರೆಕಾರ್ಡರನ್ನು ಅಡಿಗೆಮನೆಯ ಮೇಜಿನ ಮೇಲೆ ಇಟ್ಟೆ. ಹೆಸರು, ಊರು, ಹುಟ್ಟಿದ ವರ್ಷ ಹೇಳು ಅಂದೆ. ನೀಲವ್ವ ನಕ್ಕಳು.

"ಹೆಸರು ಗೊತ್ತಿಲ್ಲೇನು ನಿಮಗ?"

"ಟೇಪಿಗೆ ಹೇಳು."

ಎರಡು ನಿಮಿಷ ಹೇಳಿದಳು. ನಾನು ಒಂದು ಕಡೆ, ಅದು ಶೋಷಣೆ ಅಂತ ವಿವರಿಸಬೇಕಾಯಿತು. ಅವಳು ಎದ್ದು ರೆಕಾರ್ಡರಿನ ಗುಂಡಿ ಒತ್ತಿ ನಿಲ್ಲಿಸಿದಳು.

"ನಿಮಗ ಹೇಳೂದಾಗೂದಿಲ್ಲ. ನಡುವ ಮಾತಾಡ್ತೀರಿ. ಆ ಮುದುಕಿಗೆ ಹೇಳ್ತೇನಿ."

ಸಂಜೆ ಟವೆಲು ತಗೊಂಡು ಸಿಂಬಿ ಸುತ್ತಿ ನೋಡಿದೆ. ಮೂರು ಸಲವೂ ಬಿಚ್ಚಿಹೋಯಿತು. ತುದಿಯನ್ನು ಎಲ್ಲಿ ಸಿಕ್ಕಿಸಬೇಕು ಅನ್ನುವುದು ಇನ್ನೂ ಹೊಳೆದಿಲ್ಲ. ನಾಳೆ ಕೇಳಬೇಕು.

ನವೆಂಬರ್ 9, ಭಾನುವಾರ

ಹದಿನೇಳು ಸಾರಾಂಶ ಮುಗಿದವು, ಹದಿನಾಲ್ಕು ಬಾಕಿ. ಚರ್ಚಿನ ಹಾಲ್‌ನಲ್ಲೇ ಕೂತು ಬರೆದೆ, ಡೊಮಿನಿಕ್ ಸಹಾಯಕ್ಕೆ ಬಂದಿದ್ದ. ಸಂಘದ ರಿಜಿಸ್ಟರಿನ ಪಕ್ಕದಲ್ಲೇ ಚಹಾದ ಕಪ್ಪು ಇಟ್ಟ. "ದೂರ ಇಡು ಮಾರಾಯ, ಚೆಲ್ಲಿದರೆ ಯಾರು ಹೊಣೆ? ನಮ್ಮದು ಇದೊಂದೇ ಪ್ರತಿ" ಅಂದೆ. ಅವನು ನನ್ನನ್ನು ನೋಡಿ ಯಾಕೋ ನಕ್ಕ.

ಕಲ್ಯಾಣಿಬಾಯಿಯವರ ಪಿಂಚಣಿಯ ವರ್ಷಗಳು ಸೇರಿವೆ ಅಂತ ಫೋನು ಬಂತು. ಮಿಸ್ ಟಾಪ್ಲಿಸ್‌ಗೆ ಹೇಳಬೇಕು.

ಮುಂದಿನ ಸಭೆಯ ಪಾಂಪ್ಲೆಟ್ಟು ನಾನೇ ಬರೆದೆ. ಮೊದಲು ಒಂದೂವರೆ ಪುಟ ಆಗಿತ್ತು. ನೀಲವ್ವನಿಗೆ ಓದಿ ಹೇಳಿದೆ. ಅದು ಬ್ಯಾಡ್ರಿ, ಇದು ಬ್ಯಾಡ್ರಿ ಅಂತ ಹೊಡೆಸಿದಳು. ಉಳಿದದ್ದು ಇಷ್ಟು:

ಕ್ರೇನ್ ಹೊಳೆ ಸ್ಥಳೀಯ ಇತಿಹಾಸ ಸಂಘ. ಚರ್ಚಿನ ಹಾಲ್, ಫೆಲ್ಥಮ್. 'ಹೊರೆ', ಮಾತಾಡುವವರು ನೀಲವ್ವ. ಪ್ರಶ್ನೆ ಕೇಳುವವರು ಮಿಸ್ ಟಾಪ್ಲಿಸ್. ಎಲ್ಲರೂ ಬರಬಹುದು.

ಬುಧವಾರ, ನವೆಂಬರ್ 12, ಸಂಜೆ ಏಳೂವರೆ. ಕುರ್ಚಿ ಹಾಕುವ ಸರದಿ ನನ್ನದು, ಏಳಕ್ಕೆ ಅಲ್ಲಿರಬೇಕು.